ಕರ್ಣನ ಕವಚಕ್ಕೆ ಎಷ್ಟು ಪಾಯಿಂಟು?

ಕರ್ಣ ಹೆಚ್ಚೋ, ಅರ್ಜುನ ಹೆಚ್ಚೋ? ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಯಾವ ಕಟ್ಟೆ ಮೇಲಾದರೂ ಈ ಪ್ರಶ್ನೆ ಒಗೆದು ನೋಡಿ. ಒಂದು ಪ್ಲೇಟ್ ಗಿರ್ಮಿಟ್ ಖಾಲಿಯಾಗೋದರೊಳಗೆ ಎರಡು ಪಾರ್ಟಿ ಆಗಿರ್ತಾವೆ. "ಕವಚ ಇದ್ದಿದ್ರ ಅರ್ಜುನಂದು ಏನೂ ನಡೀತಿದ್ದಿಲ್ಲ ಬಿಡ್ರಿ" ಅಂತ ಒಬ್ಬ. "ಕವಚ ತಗದು ಕೊಟ್ಟಾಂವ ಯಾರು? ಅವನ ಅಲ್ಲನು?" ಅಂತ ಇನ್ನೊಬ್ಬ. ಮುಂದೆ ಘಟೋತ್ಕಚ ಬರ್ತಾನೆ, ಪರಶುರಾಮ ಬರ್ತಾನೆ, ರಥದ ಗಾಲಿ ಬರುತ್ತೆ... ಗಿರ್ಮಿಟ್ ಮುಗೀತದ, ವಾದ ಮುಗಿಯೋದಿಲ್ಲ.

ಇದೇ ವಾದ ಈಗ ವಿಡಿಯೋ ಗೇಮ್ ಆಡುವವರ ನಡುವೆಯೂ ನಡೀತದೆ. ಅಲ್ಲಿ ಭಾಷೆ ಬೇರೆ. ಕವಚ ಎಷ್ಟು ಡ್ಯಾಮೇಜ್ ತಡೆಯುತ್ತೆ, ಬೆಂಕಿಗೆ ರೆಸಿಸ್ಟೆನ್ಸ್ ಇದೆಯಾ, ಯಾವುದಕ್ಕೆ ವೀಕ್ ಅಂತ ಲೆಕ್ಕ ಹಾಕ್ತಾರೆ. ಬರೀ ಹುಡುಗಾಟ ಅಂತ ಅನ್ನಿಸಬಹುದು. ಆದರೆ ನಮ್ಮ ಊರಿನ ಸುತ್ತಮುತ್ತಲೇ ಇದರ ಇತಿಹಾಸ ಸಾವಿರ ವರ್ಷ ಹಿಂದಕ್ಕೆ ಹೋಗುತ್ತೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ ಅಂತ ಈ ಬರಹ.

ಮೊದಲು ಗೇಮಿನ ಕಥೆ. ಜಪಾನಿನವರು 2015ರಲ್ಲಿ 'ಫೇಟ್/ಗ್ರ್ಯಾಂಡ್ ಆರ್ಡರ್' ಅನ್ನೋ ಮೊಬೈಲ್ ಗೇಮ್ ಬಿಟ್ಟರು. ಜಗತ್ತಿನ ಪುರಾಣ, ಇತಿಹಾಸದ ವೀರರೆಲ್ಲ ಅದರಲ್ಲಿದ್ದಾರೆ. ನಮ್ಮ ಕರ್ಣನೂ ಇದ್ದಾನೆ, ಅರ್ಜುನನೂ ಇದ್ದಾನೆ. ಅಲ್ಲಿನ ಮೂಲ ನಿಯಮ ಕಲ್ಲು-ಕಾಗದ-ಕತ್ತರಿ ಆಟದಂಥದ್ದು: ಕತ್ತಿಯವನು ಈಟಿಯವನ ಮೇಲೆ ಭಾರ, ಈಟಿಯವನು ಬಿಲ್ಲಿನವನ ಮೇಲೆ ಭಾರ, ಬಿಲ್ಲಿನವನು ಕತ್ತಿಯವನ ಮೇಲೆ ಭಾರ. ಅರ್ಜುನ ಬಿಲ್ಲಿನ ವರ್ಗ, ಸರಿ. ಆದರೆ ಕರ್ಣನನ್ನು ಅವರು ಇಟ್ಟಿದ್ದು ಈಟಿಯ ವರ್ಗದಲ್ಲಿ! ಇಂದ್ರ ಕೊಟ್ಟ ಶಕ್ತ್ಯಾಯುಧವನ್ನೇ ಈಟಿ ಮಾಡಿ ಕೈಗೆ ಕೊಟ್ಟಿದ್ದಾರೆ. ಅಂದರೆ ಆ ಗೇಮಿನ ಕೋಷ್ಟಕದ ಪ್ರಕಾರ ಕರ್ಣನೇ ಅರ್ಜುನನ ಮೇಲೆ ಭಾರ. ಕಟ್ಟೆ ಮೇಲಿನ ಕರ್ಣನ ಪಾರ್ಟಿಯವರಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕಾ? :)

ಇನ್ನೊಂದು ಜಪಾನೀ ಗೇಮ್ 2004ರ 'ಡಿಜಿಟಲ್ ಡೆವಿಲ್ ಸಾಗಾ'. ಅದರಲ್ಲಿ ಪಾತ್ರಗಳು ಅಗ್ನಿ, ವರುಣ, ವಾಯು, ಪೃಥ್ವಿ ಆಗಿ ರೂಪ ಬದಲಿಸ್ತಾವೆ. ಅಗ್ನಿಗೆ ಹಿಮ ಆಗಿಬರೋದಿಲ್ಲ, ವರುಣನಿಗೆ ಬೆಂಕಿ ಆಗಿಬರೋದಿಲ್ಲ. ಪ್ರೋಗ್ರಾಮ್ ಬರೆಯುವವನಾಗಿ ನನಗೆ ಇದು ಅಚ್ಚುಕಟ್ಟಾಗಿ ಕಾಣುತ್ತೆ. ಒಂದು ಟೇಬಲ್, ಅಡ್ಡಸಾಲಿನಲ್ಲಿ ದೇವತೆ, ಉದ್ದಸಾಲಿನಲ್ಲಿ ಆಯುಧ, ನಡುವೆ ಒಂದು ಅಂಕಿ. ಮುಗೀತು.

ಈಗ ಇದೇ ಟೇಬಲ್ಲನ್ನು ವ್ಯಾಸರ ಕರ್ಣನಿಗೆ ಹಾಕಿ ನೋಡಿ. ಮೊದಲ ಸಾಲಿಗೇ ಕೋಡ್ ಕೈಕೊಡುತ್ತೆ.

ಕವಚ: ಹುಟ್ಟಿನಿಂದಲೇ ಬಂದದ್ದು, ಅದಿರುವಾಗ ಅವನಿಗೆ ಸಾವಿಲ್ಲ. ಆದರೆ ಬೇಡಿದವರಿಗೆ ಇಲ್ಲ ಅನ್ನದವನು ಅವನು. ಇಂದ್ರ ಬ್ರಾಹ್ಮಣನ ವೇಷದಲ್ಲಿ ಬರ್ತಾನೆ, ಕೊಡಬೇಡ ಅಂತ ಸೂರ್ಯ ಮೊದಲೇ ಎಚ್ಚರಿಸಿದ್ದ. ಗೊತ್ತಿದ್ದೂ ಕೊಟ್ಟ. ಶಕ್ತ್ಯಾಯುಧ: ಒಬ್ಬನ ಮೇಲೆ, ಒಂದೇ ಸಲ, ಅದೂ ಪ್ರಾಣಕ್ಕೆ ಬಂದಾಗ. ಅರ್ಜುನನಿಗೆ ಅಂತ ಕಾದಿಟ್ಟದ್ದು ಹದಿನಾಲ್ಕನೆಯ ದಿನದ ರಾತ್ರಿ ಘಟೋತ್ಕಚನ ಮೇಲೆ ಖರ್ಚಾಯಿತು. ಬ್ರಹ್ಮಾಸ್ತ್ರ: ಬೇಕಾದ ಹೊತ್ತಿಗೆ ನೆನಪಾಗದಿರಲಿ ಅಂತ ಪರಶುರಾಮರ ಶಾಪ. ರಥ: ಗಾಲಿಯನ್ನು ಭೂಮಿ ನುಂಗಲಿ ಅಂತ ಹಸು ಕಳಕೊಂಡ ಬ್ರಾಹ್ಮಣನ ಶಾಪ. ಇನ್ನು ಸರ್ಪಾಸ್ತ್ರ ಮತ್ತೊಮ್ಮೆ ತೊಡು ಅಂದರೂ ಅವನು ತೊಡಲಿಲ್ಲ. ನಮ್ಮ ಕಡೆ ಮನೆಮನೆಯಲ್ಲಿ ಹೇಳುವ ಕಥೆಯಲ್ಲಿ ಅದು ಕುಂತಿಗೆ ಕೊಟ್ಟ ಮಾತು.

ಗಮನಿಸಿ, ಇದರಲ್ಲಿ ಒಂದಾದರೂ ಬೆಂಕಿ-ಹಿಮದ ಲೆಕ್ಕ ಇದೆಯಾ? ಒಂದೊಂದರ ಹಿಂದೆಯೂ ಒಬ್ಬ ಮನುಷ್ಯನಿದ್ದಾನೆ, ಒಂದು ಮಾತಿದೆ, ಒಂದು ಋಣ ಇದೆ, ಇಲ್ಲಾ ಒಂದು ತಪ್ಪಿದೆ. ಘಟೋತ್ಕಚ ಸತ್ತಾಗ ಪಾಂಡವರೆಲ್ಲ ಅಳ್ತಿದ್ದರೆ ಕೃಷ್ಣ ಕುಣಿದಾಡ್ತಾನೆ. ಯಾಕೆ ಅಂತ ಕೇಳಿದ ಅರ್ಜುನನಿಗೆ ಅವನು ಕೊಡೋ ವಿವರಣೆಯ ಸಾರ ಇಷ್ಟು: ಕವಚ ಕುಂಡಲ ಹೋದವು, ಶಕ್ತಿಯೂ ಹೋಯಿತು, ಇವತ್ತಿಗೆ ಕರ್ಣ ಮನುಷ್ಯನಾದ. ಗೇಮಿನ ಭಾಷೆಯಲ್ಲಿ ಇದು ರೆಸಿಸ್ಟೆನ್ಸ್ ಸೊನ್ನೆಗೆ ಇಳಿದದ್ದು. ಕಥೆಯಲ್ಲಿ ಮಾತ್ರ ಅಲ್ಲಿಂದಲೇ ಅವನು ನಮ್ಮವನಾಗೋದು.

ಇಲ್ಲಿಗೆ ನಮ್ಮ ಊರಿನ ಸರದಿ. ಹುಬ್ಬಳ್ಳಿಯಿಂದ ಗದಗಿಗೆ ಹೋಗೋ ದಾರಿಯಲ್ಲಿ ಅಣ್ಣಿಗೇರಿ ಬರುತ್ತೆ. ಪಂಪನ ತಾಯಿ ಅಬ್ಬಣಬ್ಬೆ ಆ ಊರಿನ ಮನೆತನದವಳು. ಪಂಪ 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದ, ಅದೂ ಆರೇ ತಿಂಗಳಲ್ಲಿ ಅಂತ ತಾನೇ ಹೇಳ್ಕೊಂಡಿದ್ದಾನೆ. (ನಮ್ಮ ಆಫೀಸಿನಲ್ಲಿ ಆರು ತಿಂಗಳಿಗೆ ಒಂದು ಸ್ಕ್ರೀನ್ ಮುಗಿಯೋದಿಲ್ಲ, ಆ ಮಾತು ಬೇರೆ.) ಅವನ ಒಡೆಯ ವೇಮುಲವಾಡದ ಚಾಲುಕ್ಯ ಅರಿಕೇಸರಿ. ಅರಿಕೇಸರಿಯನ್ನೇ ಅರ್ಜುನ ಅಂತ ಇಟ್ಟು ಕಾವ್ಯ ಕಟ್ಟಿದ್ದಾನೆ. ಅದಕ್ಕಾಗಿ ಕಥೆಯನ್ನೇ ತಿದ್ದಿದ: ದ್ರೌಪದಿ ಅರ್ಜುನನಿಗೊಬ್ಬನಿಗೇ ಹೆಂಡತಿ, ಕೊನೆಗೆ ಪಟ್ಟವೂ ಅರ್ಜುನನಿಗೇ. ಹೀಗೆ ಹೀರೋಗೆ ಬೇಕಾದಷ್ಟು ಬಫ್ ಕೊಟ್ಟವನು ವಿಲನ್ನನ್ನು ಕುಗ್ಗಿಸೋದು ಸುಲಭವಿತ್ತು. ಆದರೆ ಪಂಪ ಕರ್ಣನ ಒಂದು ಕೂದಲೂ ಕೊಂಕಿಸಲಿಲ್ಲ. ಭಾರತದ ಕಥೆಯಲ್ಲಿ ನೆನೆಯಬೇಕಾದವನು ಯಾರು ಅಂದರೆ ಅವನು ಬೊಟ್ಟು ಮಾಡಿದ್ದು ಕರ್ಣನ ಕಡೆಗೆ. ಸಂಬಳ ಅರ್ಜುನನ ಕಡೆಯಿಂದ, ಮನಸ್ಸು ಕರ್ಣನ ಕಡೆಗೆ!

ರನ್ನನದೂ ಹಾಗೆಯೇ. 949ರಲ್ಲಿ ಮುದುವೊಳಲಲ್ಲಿ, ಅಂದರೆ ಈಗಿನ ಮುಧೋಳದಲ್ಲಿ ಹುಟ್ಟಿದವನು. ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ 'ಗದಾಯುದ್ಧ' ಬರೆದ. ಅಲ್ಲಿ ದುರ್ಯೋಧನನಿಗೆ ಜಲಮಂತ್ರ ಗೊತ್ತು, ನೀರಿನೊಳಗೆ ಬಚ್ಚಿಟ್ಟುಕೊಳ್ಳಬಲ್ಲ. ಗೇಮಿನವರ ಲೆಕ್ಕದಲ್ಲಿ ನೀರಿಗೆ ಪೂರ್ತಿ ರೆಸಿಸ್ಟೆನ್ಸ್. ಆದರೆ ದಡದಲ್ಲಿ ಭೀಮ ಗುಡುಗಿದಾಗ ಸರೋವರದ ತಂಪಿನ ನಡುವೆಯೂ ಅವನ ಮೈಯಲ್ಲಿ ಬೆವರು ಕಿತ್ತುಕೊಂಡು ಬರುತ್ತೆ. ಆ ಬೆವರು ಭಯದ್ದಲ್ಲ, ಸಿಟ್ಟಿನದು. ಮಂತ್ರ ನೀರನ್ನು ತಡೀತು, ಅಭಿಮಾನವನ್ನು ತಡೀಲಿಲ್ಲ. ಅಡಗಿ ಬದುಕಬಹುದಾಗಿದ್ದವನು ಎದ್ದು ಹೊರಗೆ ಬಂದ.

ದುರ್ಯೋಧನನ ತೊಡೆಯ ವಿಷಯವಂತೂ ಇನ್ನೂ ಮಜಾ ಇದೆ. ಗಾಂಧಾರಿ ಕಣ್ಣುಪಟ್ಟಿ ಬಿಚ್ಚಿ ನೋಡಿದಳು, ನೋಡಿದಷ್ಟು ಮೈ ವಜ್ರವಾಯಿತು, ಮುಚ್ಚಿಕೊಂಡಿದ್ದ ತೊಡೆ ಹಾಗೇ ಉಳೀತು ಅನ್ನೋ ಕಥೆ ನಮಗೆಲ್ಲ ಗೊತ್ತು. ಪುಣೆಯ ಭಂಡಾರಕರ್ ಸಂಸ್ಥೆಯವರು 1919ರಿಂದ 1966ರವರೆಗೆ ಹಸ್ತಪ್ರತಿಗಳನ್ನು ಹೋಲಿಸಿ ತಯಾರಿಸಿದ ಮಹಾಭಾರತದ ಪರಿಷ್ಕೃತ ಪಾಠದಲ್ಲಿ ಆ ಕಥೆ ಇಲ್ಲ. ವನಪರ್ವದಲ್ಲಿ ಬೇರೆಯೇ ಇದೆ: ಸೊಂಟದ ಮೇಲಿನ ದೇಹ ವಜ್ರದ್ದು, ಕೆಳಗಿನದನ್ನು ದೇವಿ ಹೂವಿನಿಂದ ಮಾಡಿದ್ದು ಅಂತ ದಾನವರು ಅವನಿಗೆ ಹೇಳ್ತಾರೆ. ಅಂದರೆ ಈ ಪಾತ್ರದ ವೀಕ್‌ನೆಸ್ಸಿಗೂ ವರ್ಷನ್ ಒಂದು, ವರ್ಷನ್ ಎರಡು ಇವೆ. ಹೂವಿನ ತೊಡೆ ಹೋಗಿ ತಾಯಿಯ ನೋಟ ಬಂದದ್ದರಲ್ಲಿ ಜನ ಏನು ಮಾಡಿದರು ನೋಡಿ. ದೇವತೆಗಳ ಕರಾರನ್ನು ತೆಗೆದು, ಆ ಜಾಗದಲ್ಲಿ ಒಬ್ಬ ತಾಯಿಯ ಆಸೆ ಮತ್ತು ಒಬ್ಬ ಮಗನ ನಾಚಿಕೆ ಇಟ್ಟರು.

ಗದಾಯುದ್ಧದ ಹೊತ್ತಿಗೆ ವ್ಯಾಸರಲ್ಲೇ ಪಕ್ಕಾ ಗೇಮರ್‌ಗಳ ಥರ ಚರ್ಚೆ ನಡೆಯುತ್ತೆ. ಬಲದಲ್ಲಿ ಭೀಮ ಮೇಲು, ಪಳಗಿದ ಕೈ ದುರ್ಯೋಧನನದು ಅಂತಾನೆ ಕೃಷ್ಣ. ಹದಿಮೂರು ವರ್ಷ ಕಬ್ಬಿಣದ ಬೊಂಬೆಯ ಮೇಲೆ ಅಭ್ಯಾಸ ಮಾಡಿದವನವನು. ತೊಡೆಗೆ ಏಟು ಬಿದ್ದಾಗ ಬಲರಾಮ ನೇಗಿಲು ಎತ್ತಿಕೊಂಡು ಬರ್ತಾನೆ: ಹೊಕ್ಕುಳ ಕೆಳಗೆ ಹೊಡೆಯೋದು ನಿಯಮಕ್ಕೆ ವಿರುದ್ಧ! ಕೃಷ್ಣ ಭೀಮನ ಪ್ರತಿಜ್ಞೆ ನೆನಪಿಸ್ತಾನೆ, ಮೈತ್ರೇಯ ಮುನಿಯ ಶಾಪ ನೆನಪಿಸ್ತಾನೆ. ಬಲರಾಮನಿಗೆ ಸಮಾಧಾನ ಆಗೋದಿಲ್ಲ, ರಥ ಹತ್ತಿ ಹೋಗಿಬಿಡ್ತಾನೆ. ವ್ಯಾಸರು ಈ ವಾದಕ್ಕೆ ತೀರ್ಪು ಕೊಟ್ಟು ಮುಗಿಸಲಿಲ್ಲ, ಹಾಗೇ ಬಿಟ್ಟರು.

ಬಿಟ್ಟ ಜಾಗದಲ್ಲೇ ಕರಾವಳಿಯವರು ತಾಳಮದ್ದಳೆ ಕಟ್ಟಿದ್ದು ಅಂತ ನನಗನ್ನಿಸುತ್ತೆ. ವೇಷ ಇಲ್ಲ, ಕುಣಿತ ಇಲ್ಲ, ಎದುರುಬದುರು ಕೂತು ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918-2006) ಅರ್ಥಧಾರಿಗಳು ಕೂತರೆ ಜನ ರಾತ್ರಿಯಿಡೀ ಕೇಳ್ತಿದ್ದರು. ಕರ್ಣ ಸಾಯ್ತಾನೆ, ವಾಲಿ ಸಾಯ್ತಾನೆ ಅನ್ನೋದು ಎಲ್ಲರಿಗೂ ಗೊತ್ತು, ಅದನ್ನು ಬದಲಿಸೋ ಹಾಗಿಲ್ಲ. ಎದುರಾಳಿಯ ಅರ್ಧ ಬಲ ಎಳೆದುಕೊಳ್ಳೋ ವಾಲಿಯನ್ನು ಮರೆಯಿಂದ ಹೊಡೆದದ್ದು ಸರಿಯಾ? ಸೋತವನು ಗೆದ್ದವನನ್ನು ಕೇಳೋ ಆ ಪ್ರಶ್ನೆಯೇ ಅಲ್ಲಿ ಆಟ.

ಕೊನೆಗೆ ಕುಮಾರವ್ಯಾಸ. ಹುಬ್ಬಳ್ಳಿ ತಾಲೂಕಿನ ಕೋಳಿವಾಡದವನು, 15ನೇ ಶತಮಾನದಲ್ಲಿ ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದವನು. ಯುದ್ಧಕ್ಕೆ ಮೊದಲು ಕೃಷ್ಣ ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಹೋಗಿ, ನೀನು ಕುಂತಿಯ ಮಗ ಅಂತ ಹೇಳೋ ಜಾಗ ಅವನಲ್ಲಿ ಓದಿ. ಬಾಣ ಇಲ್ಲ, ಚಕ್ರ ಇಲ್ಲ, ಪಕ್ಕದಲ್ಲಿ ಕೂತು ಆಡಿದ ಒಂದು ನಿಜ ಅಷ್ಟೇ. ಕರ್ಣ ಆವಾಗಲೇ ಒಳಗೊಳಗೇ ಸತ್ತ. ಬಿಲ್ಲೆತ್ತಿದರೆ ಎದುರಿಗೆ ತಮ್ಮಂದಿರು, ಇಳಿಸಿದರೆ ಬೆನ್ನಿಗೆ ಸಾಕಿದ ಒಡೆಯ. ಕವಚ ಮೈಮೇಲಿದ್ದರೂ ಆ ಏಟು ತಡೀತಿರಲಿಲ್ಲ.

ಅದಕ್ಕೇ ನನಗೆ ಜಪಾನಿನವರ ಮೇಲೆ ಸಿಟ್ಟಿಲ್ಲ. ಕಥೆ ತಿದ್ದೋದು ಪಂಪನ ಕಾಲದಿಂದ ನಡೆದೇ ಬಂದಿದೆ. ಅವರ ಗೇಮಿನಲ್ಲೂ ಕರ್ಣ ಕವಚ ಬಿಟ್ಟುಕೊಟ್ಟರೇನೇ ಆ ಈಟಿ ಎಸೆಯೋದು, ಕೊಟ್ಟದ್ದಕ್ಕೇ ಬಲ ಬಂದದ್ದು ಅನ್ನೋದನ್ನು ಅವರು ಉಳಿಸಿಕೊಂಡಿದ್ದಾರೆ. ನನ್ನ ಕಳವಳ ಬರೀ ಟೇಬಲ್ ಓದಿ ಬೆಳೆಯೋ ಮಕ್ಕಳ ಬಗ್ಗೆ. ಕವಚಕ್ಕೆ ಎಷ್ಟು ಪಾಯಿಂಟ್ ಅಂತ ಅವರಿಗೆ ಗೊತ್ತಿರುತ್ತೆ, ಅದನ್ನು ಯಾಕೆ ಕೊಟ್ಟ ಅನ್ನೋದು ಗೊತ್ತಿರೋದಿಲ್ಲ. ನಿಮ್ಮ ಮನೆಯ ಹುಡುಗರು ಯಾರಾದರೂ ಕರ್ಣನ ಲೆವೆಲ್ ಎಷ್ಟು ಅಂತ ಕೇಳಿದರೆ ಬೈಯಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಸೂರ್ಯ ಎಚ್ಚರಿಸಿದ ಆ ರಾತ್ರಿಯಿಂದ ಕಥೆ ಶುರು ಮಾಡಿ.

ಅಂದಹಾಗೆ, ನೀವು ಯಾವ ಪಾರ್ಟಿ?