ಸೈನಿಕ ಭತ್ಯೆ ಮತ್ತು ಮಕ್ಕಳ ಜೀವನಾಂಶ

ಸೇನೆಯಲ್ಲಿರುವ ತಂದೆ ಮಕ್ಕಳಿಗೆ ಕೊಡಬೇಕಾದ ಜೀವನಾಂಶವನ್ನು ಗೊತ್ತುಮಾಡುವಾಗ ಮೂಲವೇತನದ ಜೊತೆಗೆ ಭತ್ಯೆಗಳನ್ನೂ ಲೆಕ್ಕಕ್ಕೆ ಹಿಡಿಯುವ ಕಾನೂನು ಕ್ರಮ. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಕಡೆಯಿಂದ ಸೇನೆ ಸೇರಿದವರ ಮನೆಗಳಿಗೂ ಈ ವಿಷಯ ನೇರವಾಗಿ ಸಂಬಂಧಿಸಿದ್ದು.

ಸೇನೆಯ ಮೂಲಕ: 1950ರ ಸೇನಾ ಕಾಯ್ದೆಯ 28ನೇ ಕಲಮಿನ ಪ್ರಕಾರ ಸಿವಿಲ್ ನ್ಯಾಯಾಲಯ ಯೋಧನ ಸಂಬಳ, ಭತ್ಯೆಗಳನ್ನು ಜಪ್ತಿ ಮಾಡುವಂತಿಲ್ಲ. ಆದರೆ ಹೆಂಡತಿ ಮಕ್ಕಳ ಪೋಷಣೆಗೆಂದು ಸಂಬಳದಲ್ಲೇ ಹಣ ಮುರಿದುಕೊಳ್ಳಲು 90 ಮತ್ತು 91ನೇ ಕಲಮುಗಳು ಸೇನೆಗೆ ಅಧಿಕಾರ ಕೊಟ್ಟಿವೆ. ಹೆಂಡತಿಯ ಅರ್ಜಿ ಬಂದ ಮೇಲೆ ಯೋಧನಿಗೆ ನೋಟಿಸು ಕೊಟ್ಟು, ಅವನ ಉತ್ತರ ಪಡೆದು, ಸಕ್ಷಮ ಅಧಿಕಾರಿ ಆದೇಶಿಸುತ್ತಾರೆ. 2001ರ ಸೇನಾ ಆದೇಶದಂತೆ ಹೆಂಡತಿಗೆ ವೇತನ–ಭತ್ಯೆಗಳ ಶೇ 22, ಪ್ರತಿ ಮಗುವಿಗೆ ಶೇ 5.5, ಒಟ್ಟು ಶೇ 33 ಮೀರಬಾರದು. ಉದಾಹರಣೆಗೆ ವೇತನ, ಭತ್ಯೆ ಎರಡೂ ಸೇರಿ 50,000 ರೂ. ಇದ್ದರೆ ಹೆಂಡತಿಗೆ 11,000, ಇಬ್ಬರು ಮಕ್ಕಳಿಗೆ 5,500, ಒಟ್ಟು 16,500 ರೂ. ಗರಿಷ್ಠ ಮೊತ್ತ.

ನ್ಯಾಯಾಲಯದ ಮೂಲಕ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು) ಯೋಧನ ಮಕ್ಕಳಿಗೂ ಅನ್ವಯಿಸುತ್ತದೆ. ಗಂಡ ಲಡಾಖಿನಲ್ಲಿದ್ದರೂ ಔರಾದಿನಲ್ಲಿ ನೆಲೆಸಿರುವ ಹೆಂಡತಿ ತಾನಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಹೆಂಗಸರಿಗೆ, ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಹೈಕೋರ್ಟ್ ಹಂತದ ಮೊಕದ್ದಮೆಗಳು ಕಲಬುರಗಿ ಪೀಠಕ್ಕೆ ಹೋಗುತ್ತವೆ. 2020ರ ರಜನೀಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಎರಡೂ ಕಡೆಯವರು ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದೂ ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕೆಂದೂ ಹೇಳಿತು.

ಭತ್ಯೆಗಳ ತೂಕ: ಸಂಬಳ ಚೀಟಿಯಲ್ಲಿ ಮೂಲವೇತನದ ಕೆಳಗೆ ತುಟ್ಟಿಭತ್ಯೆ, ಸೇನಾ ಸೇವಾ ವೇತನ (ಜವಾನರಿಗೆ ತಿಂಗಳಿಗೆ 5,200 ರೂ.) ಮುಂತಾದವು ಇರುತ್ತವೆ. ಇವು ಸ್ಥಿರ ಆದಾಯ. ಇವನ್ನು ಬಿಟ್ಟು ಮೂಲವೇತನವನ್ನಷ್ಟೇ ತೋರಿಸಿದರೆ ಮಗುವಿನ ಪಾಲು ಕುಗ್ಗುತ್ತದೆ. ಅದಕ್ಕೇ ಸಂಬಳ ಚೀಟಿಯನ್ನು ಪೂರ್ತಿಯಾಗಿ ನ್ಯಾಯಾಲಯದ ಮುಂದಿಡುವುದು ಬಹಳ ಮುಖ್ಯ. 2017ರಲ್ಲಿ ಜವಾನರಿಗೆ ತಿಂಗಳಿಗೆ 30,000 ರೂ. ಎಂದು ನಿಗದಿಯಾದ ಸಿಯಾಚಿನ್ ಭತ್ಯೆಯಂಥವು ಮಾತ್ರ ಆ ನೆಲೆಯ ಸೇವೆಗೆ ಸಂದಾಯವಾಗುವಂಥವು, ವರ್ಗವಾದೊಡನೆ ನಿಲ್ಲುತ್ತವೆ. ಹೀಗೆ ಪರಿಸ್ಥಿತಿ ಬದಲಾದರೆ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮಿನಡಿ ಜೀವನಾಂಶವನ್ನು ಏರಿಸಲು ಇಲ್ಲವೇ ಇಳಿಸಲು ಇಬ್ಬರೂ ಕೇಳಬಹುದು. ನ್ಯಾಯಾಲಯ ಆದೇಶ ಬದಲಿಸುವವರೆಗೂ ಹಳೆಯ ಮೊತ್ತವನ್ನು ತಪ್ಪದೆ ಕೊಡುತ್ತಲೇ ಇರಬೇಕು.