ಚಿನ್ನ ಅಗೆದವರ ಹೆಸರೆಲ್ಲಿ?

ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಯಲ್ಲಿ ನಿತ್ಯ ಓಡಾಡುವವರಲ್ಲಿ, ಆ ಹೆಸರಿನ ಹಿಂದೆ ಕೋಲಾರದ ಚಿನ್ನವಿದೆ ಎಂದು ಬಲ್ಲವರು ಕೆಲವರೇ. ಮೈಕೆಲ್ ಲ್ಯಾವೆಲ್ಲೆ ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರಿನಲ್ಲಿ ನೆಲೆಸಿದ್ದ ಸೈನಿಕ. ಹಳೆಯ ವರದಿಯೊಂದನ್ನು ಓದಿ, 1871ರಲ್ಲಿ ಎತ್ತಿನ ಗಾಡಿಯೇರಿ ಕೋಲಾರದತ್ತ ಹೊರಟ. ಕೆಲವೇ ವರ್ಷಗಳಲ್ಲಿ ಗಣಿಗಾರಿಕೆಯ ಪರವಾನಗಿಯನ್ನೂ ಪಡೆದ.

ಆ ವರದಿ ಲೆಫ್ಟಿನೆಂಟ್ ಜಾನ್ ವಾರನ್ ಬರೆದದ್ದು. 1802ರಲ್ಲಿ ಮೈಸೂರು ಸಂಸ್ಥಾನದ ಗಡಿಯನ್ನು ಅಳೆಯಲು ಬಂದಿದ್ದ ಅವನಿಗೆ, ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆ ಎಂಬ ಸುದ್ದಿ ತಿಳಿಯಿತು. ಬಹುಮಾನ ಕೊಡುವೆನೆಂದಾಗ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತಂದು, ಅವನೆದುರೇ ತೊಳೆದು, ಹೊನ್ನಿನ ಕಣಗಳನ್ನು ತೋರಿಸಿದರು. ಇತಿಹಾಸವು ವಾರನ್ನನನ್ನು ನೆನೆಯುತ್ತದೆ. ಮಣ್ಣು ತೊಳೆದ ಕೈಗಳಿಗೆ ಅಲ್ಲಿ ಹೆಸರಿಲ್ಲ.

1880ರ ದಶಕದಲ್ಲಿ ಕೋಲಾರದ ಚಿನ್ನದ ಆಸೆಗೆ ಲಂಡನ್ನಿನಲ್ಲಿ ಕಂಪನಿಗಳು ಹುಟ್ಟಿಕೊಂಡವು. ಹಣ ಸುರಿದರೂ ಚಿನ್ನ ಸಿಗಲಿಲ್ಲ. ಮೈಸೂರು ಗಣಿಯ ಬಂಡವಾಳ ಕರಗುತ್ತಿದ್ದಾಗ, ಪ್ರಾಚೀನರು ತೋಡಿ ಬಿಟ್ಟಿದ್ದ ಗುಂಡಿಗಳ ಜಾಡು ಹಿಡಿದು ಆಳಕ್ಕಿಳಿದಾಗಲೇ ಸಮೃದ್ಧವಾದ ಚಾಂಪಿಯನ್ ಅದಿರು ಸಿಕ್ಕಿತು. ಆ ಪ್ರಾಚೀನರೂ ಅನಾಮಿಕರೇ. ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಊರು ಬೆಳೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, ಬೆಂಗಳೂರಿಗೂ ಮೊದಲು, ಈ ಗಣಿಗಳಿಗೆ ಹರಿಯಿತು.

ಉತ್ತರ ಆರ್ಕಾಟು, ಚಿತ್ತೂರುಗಳ ಕಡೆಯಿಂದ ಬಂದ ಬಡವರು, ಬಹುಪಾಲು ದಲಿತರು, ಈ ಗಣಿಗಳಲ್ಲಿ ದುಡಿದರು. ಕಾಲಕ್ರಮದಲ್ಲಿ ಗಣಿಯ ಆಳ ಮೂರು ಕಿಲೋಮೀಟರನ್ನೂ ಮೀರಿತು. ಅಲ್ಲಿ ಬಂಡೆಯೇ ಸುಡುತ್ತಿತ್ತು. ಭೂಭಾರಕ್ಕೆ ಕಲ್ಲು ಸಿಡಿದು ಹಲವರು ಮಡಿದರು. ಧೂಳು ಶ್ವಾಸಕೋಶವನ್ನು ತಿಂದಿತು. ಇವೆಲ್ಲವನ್ನೂ ಸಹಿಸಿದವರು, 1930ರಲ್ಲಿ ಮಣಿಕಟ್ಟಿಗೆ ಸಂಖ್ಯೆಯುಳ್ಳ ಲೋಹದ ಬಳೆ ತೊಡಿಸಲು ಹೊರಟಾಗ ಮಾತ್ರ ಸಹಿಸಲಿಲ್ಲ. ಸಾವಿರಾರು ಜನ ವಾರಗಟ್ಟಲೆ ಕೆಲಸ ನಿಲ್ಲಿಸಿದರು. ಹೆಸರನ್ನು ಯಾರೂ ಕೇಳದಿದ್ದರೂ, ಅಂಕಿಯಾಗಲು ಅವರು ಒಪ್ಪಲಿಲ್ಲ.

1956ರಲ್ಲಿ ಗಣಿಗಳು ಸರ್ಕಾರದ ಒಡೆತನಕ್ಕೆ ಬಂದವು. ಅದಿರಿನ ಸತ್ವ ಕುಗ್ಗಿ, ಖರ್ಚು ಏರಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಸುಮಾರು 800 ಟನ್ನು ಚಿನ್ನ ಹೊರಹೋಯಿತು. ಉಳಿದದ್ದು ಸೈನೈಡ್ ದಿಬ್ಬಗಳು, ಕಾರ್ಮಿಕರ ಸಾಲುಮನೆಗಳು. ಗಣಿಗಾಗಿ ಹಾಸಿದ ಹಳಿಯ ಮೇಲೆಯೇ, ಆ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಮುಂಜಾನೆಯ ರೈಲು ಹಿಡಿದು ದುಡಿಮೆಗಾಗಿ ಬೆಂಗಳೂರಿಗೆ ಹೋಗಿಬರುತ್ತಾರೆ. ಅವರಲ್ಲಿ ಕೆಲವರು ಲ್ಯಾವೆಲ್ಲೆ ರಸ್ತೆಯಲ್ಲೂ ದುಡಿಯುತ್ತಿರಬಹುದು. ಅಲ್ಲಿನ ನಾಮಫಲಕವನ್ನು ಓದುವಾಗ, ಯಾವ ಫಲಕದಲ್ಲೂ ಇಲ್ಲದವರನ್ನು ನೆನೆಯುವುದು ನಮ್ಮ ಮೇಲಿನ ಋಣ.