ಸಾಕ್ಷಿಯಿಂದ ನ್ಯಾಯಪೀಠದವರೆಗೆ: ಅಂತಃಸಾಕ್ಷಿಯ ಉಗಮ

ಪಾಶ್ಚಾತ್ಯ ನೀತಿಶಾಸ್ತ್ರದಲ್ಲಿ ಅಂತಃಸಾಕ್ಷಿಯ ಕಲ್ಪನೆ ರೂಪುಗೊಂಡ ಬಗೆಗೆ ಗ್ರೀಕ್ ರಂಗಭೂಮಿಯೇ ಮೊದಲ ಕುರುಹುಗಳನ್ನು ಒದಗಿಸುತ್ತದೆ. ಕ್ರಿ.ಪೂ. 458ರಲ್ಲಿ ಪ್ರಯೋಗಗೊಂಡ ಈಸ್ಕಿಲಸನ ‘ಒರೆಸ್ಟಿಯಾ’ ನಾಟಕತ್ರಯದಲ್ಲಿ, ತಾಯಿಯನ್ನು ಕೊಂದ ಒರೆಸ್ಟಿಸನನ್ನು ಎರಿನಿಗಳೆಂಬ ಪ್ರತೀಕಾರ ದೇವತೆಯರು ಬೆನ್ನಟ್ಟುತ್ತಾರೆ. ಕೊನೆಯ ನಾಟಕದಲ್ಲಿ ಅವರೇ ಮೇಳವಾಗಿ ರಂಗಕ್ಕೆ ಬರುತ್ತಾರೆ. ಐವತ್ತು ವರ್ಷಗಳ ಬಳಿಕ, ಕ್ರಿ.ಪೂ. 408ರಲ್ಲಿ ಬಂದ ಯೂರಿಪಿಡೀಸನ ‘ಒರೆಸ್ಟಿಸ್’ ನಾಟಕದಲ್ಲಿ ಅವರು ಕಾಣಿಸುವುದು ಉನ್ಮತ್ತನಾದ ಒರೆಸ್ಟಿಸನೊಬ್ಬನಿಗೆ ಮಾತ್ರ. ಯಾವ ವ್ಯಾಧಿ ಬಾಧಿಸುತ್ತಿದೆಯೆಂದು ಚಿಕ್ಕಪ್ಪ ಮೆನೆಲಾಸನು ಕೇಳಿದಾಗ, ತಾನೆಸಗಿದ ಘೋರಕೃತ್ಯದ ಅರಿವೇ ಆ ವ್ಯಾಧಿಯೆಂದು ಅವನು ಉತ್ತರಿಸುತ್ತಾನೆ. ಹೊರಗಿನಿಂದ ಅಟ್ಟಿಬರುತ್ತಿದ್ದ ಭಯ ಇಲ್ಲಿ ಒಳಗಿನ ಅರಿವಾಗಿದೆ.

ಮುಂದೆ ಈ ಅರಿವಿಗೆ ನೆಲೆಗೊಂಡ ಗ್ರೀಕಿನ ‘ಸುನೈದೇಸಿಸ್’, ಲ್ಯಾಟಿನ್ನಿನ ‘ಕಾನ್ಶಿಯೆಂಟಿಯಾ’ ಎಂಬ ಎರಡೂ ಪದಗಳ ಧಾತ್ವರ್ಥ ‘ಜೊತೆಗೂಡಿ ತಿಳಿದಿರುವುದು’. ಕೃತ್ಯವನ್ನು ಮಾಡಿದವನೂ ಅದನ್ನು ಬಲ್ಲವನೂ ಒಬ್ಬನೇ ಆದುದರಿಂದ ಅವನಿಂದ ಏನನ್ನೂ ಮರೆಮಾಚಲಾಗದು. ಹೀಗೆ ಮೂಲದಲ್ಲಿ ಇದರ ಕಾರ್ಯ, ನಡೆದುದಕ್ಕೆ ಸಾಕ್ಷಿ ನುಡಿಯುವುದು.

ಮಾಡಬೇಕಾದುದನ್ನೂ ಅದೇ ವಿಧಿಸತೊಡಗಿದಾಗ ಹೊಸ ಪ್ರಶ್ನೆ ಎದುರಾಯಿತು: ಅಂತಃಸಾಕ್ಷಿಯೇ ತಪ್ಪಿದರೆ? ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನು ಇದಕ್ಕೆ ಸೂಕ್ಷ್ಮವಾದ ವಿಭಾಗವೊಂದನ್ನು ಮುಂದಿಟ್ಟನು. ನೀತಿಯ ಮೂಲತತ್ತ್ವಗಳನ್ನು ಗ್ರಹಿಸುವ ‘ಸಿಂಡರೆಸಿಸ್’ ಎಂದಿಗೂ ತಪ್ಪದು. ಅವನ್ನು ನಿರ್ದಿಷ್ಟ ಕೃತ್ಯಕ್ಕೆ ಅನ್ವಯಿಸುವ ‘ಕಾನ್ಶಿಯೆಂಟಿಯಾ’ ತಪ್ಪಬಲ್ಲದು. ತಪ್ಪಿದ ಅಂತಃಸಾಕ್ಷಿಯನ್ನು ಮೀರಿ ನಡೆಯುವುದೂ ದೋಷವೇ. ಆದರೆ ತಿಳಿಯಬೇಕಾದುದನ್ನು ಅಲಕ್ಷ್ಯದಿಂದ ತಿಳಿಯದೆ ಉಳಿದವನಿಗೆ ಅದನ್ನು ಪಾಲಿಸಿದ ಮಾತ್ರಕ್ಕೆ ವಿನಾಯಿತಿಯಿಲ್ಲ.

ಮುಂದೆ 1726ರಲ್ಲಿ ಪ್ರಕಟವಾದ ತನ್ನ ಪ್ರವಚನಗಳಲ್ಲಿ ಜೋಸೆಫ್ ಬಟ್ಲರನು ಮಾನವ ಸ್ವಭಾವದ ಇತರ ಪ್ರೇರಣೆಗಳಿಗಿಂತ ಮೇಲಾದ ಅಧಿಕಾರವನ್ನು ಅಂತಃಸಾಕ್ಷಿಗೆ ನೀಡಿದನು. 1797ರಲ್ಲಿ ಕಾಂಟನು ಅದನ್ನು ಮನುಷ್ಯನೊಳಗಿನ ನ್ಯಾಯಾಲಯವೆಂದೇ ನಿರೂಪಿಸಿದನು. ಸಾಕ್ಷಿ ನ್ಯಾಯಪೀಠವನ್ನೇರಿದ್ದು ಹೀಗೆ.

ಅಧಿಕಾರ ಬೆಳೆದಷ್ಟೂ ಅಕ್ವಿನಾಸನ ಷರತ್ತಿನ ತೂಕವೂ ಹೆಚ್ಚುತ್ತದೆ. ‘ನನ್ನ ಆತ್ಮಸಾಕ್ಷಿಗೆ ಒಪ್ಪಿತು’ ಎಂಬ ಮಾತು ವಿಚಾರಣೆಯನ್ನು ಮುಗಿಸಲಾರದು; ಆ ಸಾಕ್ಷಿ ತಿಳಿಯಬೇಕಾದುದನ್ನು ತಿಳಿದಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಕನ್ನಡದ ‘ಆತ್ಮಸಾಕ್ಷಿ’ ಪದ ಸಾಕ್ಷಿತ್ವವನ್ನು ಇಂದಿಗೂ ಉಳಿಸಿಕೊಂಡಿದೆ. ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವುದು ನ್ಯಾಯದ ಕ್ರಮವೇ ಆಗಿದೆ.